ನಾಲ್ಕನೇ ನಿಮಿಷಕ್ಕೆ ಇಳಿಯದ ಮನುಷ್ಯ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದವರು ಅವರ ಹೆಂಡತಿ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ನನಗೂ ಅವರ ಹೆಸರಿನಿಂದ ಯಾವತ್ತೂ ಕೆಲಸ ಬಿದ್ದಿರಲಿಲ್ಲ. ಮೂರು ವರ್ಷ ‘ಅಣ್ಣ’ ಎಂದೇ ಕರೆದೆ. ಫೋನಿನಲ್ಲಿ ‘ಡಿಶ್ ಅಣ್ಣ’ ಎಂದು ಬರೆದಿಟ್ಟುಕೊಂಡಿದ್ದೆ. ಆ ನಂಬರನ್ನು ಇನ್ನೂ ಅಳಿಸಿಲ್ಲ. ಅಳಿಸುವ ಕೆಲಸವನ್ನು ನಾನು ಈಗಾಗಲೇ ಬೇಕಾದಷ್ಟು ಮಾಡಿದ್ದೇನೆ.

ಹೆಬ್ಬಾಳದಲ್ಲಿ ನಮ್ಮ ಆಫೀಸು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಂತಿಯಿಲ್ಲದೆ ಇಂಟರ್‌ನೆಟ್ ಸಾಗಿಸುವುದು ನಮ್ಮ ಕಸುಬು. ಈ ತಾರಸಿಯ ಮೇಲೊಂದು ಡಿಶ್, ಎರಡರಿಂದ ಏಳೆಂಟು ಕಿಲೋಮೀಟರ್ ಆಚೆಯ ತಾರಸಿಯ ಮೇಲೊಂದು ಡಿಶ್, ಎರಡೂ ಒಂದರ ಮುಖವನ್ನೊಂದು ನೋಡುತ್ತಿರಬೇಕು. ಸುಮಾರಾಗಿ ಆ ಕಡೆ ತಿರುಗಿದ್ದರೆ ಸಾಲದು. ಡಿಶ್ಶಿನಿಂದ ಹೊರಡುವ ಬೀಮು ಬಲು ಸಪೂರ. ಕೂದಲೆಳೆಯಷ್ಟು ಆಚೀಚೆಯಾದರೂ ಸಾಕು, ಅದು ಯಾರದೋ ಮನೆಯ ನೀರಿನ ಟ್ಯಾಂಕಿಗೆ ಹೋಗಿ ಬಡಿಯುತ್ತದೆ. ಕಂಬ ಹತ್ತಿ, ಸ್ಪ್ಯಾನರ್ ಹಿಡಿದು, ಅದನ್ನು ನೇರಕ್ಕೆ ಕೂರಿಸುವುದು ಅಣ್ಣನ ಕೆಲಸ. ಅವರು ನಮ್ಮ ಕಂಪನಿಯವರಲ್ಲ, ಕಂಟ್ರಾಕ್ಟರ್ ಕಡೆಯವರು.

ಅವರನ್ನು ಮೊದಲು ನೋಡಿದ್ದು ಆರ್.ಟಿ. ನಗರದ ಒಂದು ತಾರಸಿಯಲ್ಲಿ. ಐವತ್ತು ದಾಟಿದ ಮನುಷ್ಯ, ಒಣಕಲು ಮೈ, ಕಿವಿಯ ಮೇಲೆ ಪೆನ್ಸಿಲು. ಕಂಬ ಹತ್ತುವ ಮುಂಚೆ ಕೈಗಡಿಯಾರ ಬಿಚ್ಚಿ ನನ್ನ ಕೈಗಿಟ್ಟರು. “ಇಟ್ಕೊಂಡಿರಿ ಮೇಡಂ. ಟೈಮ್ ನೋಡ್ಕಂಡ್ ತಿರುಗಿಸಿದ್ರೆ ಕೆಲ್ಸ ಕೆಡ್ತದೆ.” ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಓದುವುದು ನನ್ನ ಪಾಲಿನ ಕೆಲಸ. ಅವರು ನಿಧಾನವಾಗಿ ತಿರುಗಿಸಿದರು, ಅಂಕಿ ಸರ್ರನೆ ಏರಿತು. “ಬಂತು, ಬಂತು, ಸಾಕು!” ಎಂದು ಕೂಗಿದೆ. ಪುಣ್ಯಾತ್ಮ ಕೇಳಿಸಿಕೊಳ್ಳಲೇ ಇಲ್ಲ. ತಿರುಗಿಸುತ್ತಲೇ ಹೋದರು. ಅಂಕಿ ಇಳಿದು ಇಳಿದು ಸೊನ್ನೆಯಾಯಿತು.

“ಅಯ್ಯೋ, ಹೋಯ್ತಲ್ರೀ! ಬಂದಿದ್ದನ್ನ ಕಳೆದ್ರಲ್ಲ!” ಎಂದು ರೇಗಿದೆ. ನನ್ನ ಬಾಯಿ ಹಾಗೇ, ಮೊದಲು ಉರಿಯುತ್ತದೆ, ಯೋಚನೆ ಆಮೇಲೆ.

“ಓಗ್ಲಿ ಬಿಡಿ ಮೇಡಂ. ಓಗ್ಬೇಕು,” ಎಂದರು ಮೇಲಿನಿಂದ. ಇನ್ನೂ ಸ್ವಲ್ಪ ತಿರುಗಿಸಿದರು. ಸೊನ್ನೆಯಿದ್ದದ್ದು ಮತ್ತೆ ಏರಲು ಶುರುವಾಯಿತು, ಮೊದಲಿನದಕ್ಕಿಂತ ಎಷ್ಟೋ ಮೇಲೆ ಹೋಯಿತು. ಅಲ್ಲೂ ನಿಲ್ಲಲಿಲ್ಲ. ಅದನ್ನೂ ದಾಟಿ ಕಳೆದುಕೊಂಡು, ಆಮೇಲೆ ಹಿಂದಕ್ಕೆ ಬಂದು, ಎರಡೂ ಕಡೆಯ ಇಳಿಜಾರಿನ ನಡುಮಧ್ಯ ನಿಲ್ಲಿಸಿ ಬೋಲ್ಟು ಬಿಗಿದರು.

ಕೆಳಗಿಳಿದ ಮೇಲೆ ನನ್ನನ್ನು ಮೆಟ್ಟಿಲ ತುದಿಯ ಕತ್ತಲ ಕೋಣೆಗೆ ಕರೆದು, ಜೇಬಿನಿಂದ ಹಳೇ ಟಾರ್ಚ್ ತೆಗೆದು ಗೋಡೆಗೆ ಬಿಟ್ಟರು. ನಡುವೆ ಉರಿಯುವ ಬೆಳಕು, ಸುತ್ತ ಒಂದಿಷ್ಟು ಕತ್ತಲು, ಅದರಾಚೆ ಒಂದು ಮಂಕು ಬಳೆ. “ಬೀಮೂ ಇಂಗೇ ಮೇಡಂ. ಕತ್ತಲಿಂದ ಬರೋನಿಗೆ ಮೊದ್ಲು ಸಿಗೋದು ಈ ಬಳೆ. ಅಬ್ಬಾ, ಬೆಳಕು ಸಿಕ್ತು ಅಂತ ಅಲ್ಲೇ ಕೂತ್ಕಂತಾನೆ. ಕೆಲ್ಸಾನೂ ನಡೀತದೆ, ಇಲ್ಲ ಅನ್ನಲ್ಲ. ಒಂದ್ ಗಾಳಿ ಬಂದ್ರೆ ಮುಗೀತು. ದಾಟ್ ಓಗಿ ಕಳ್ಕಂಡ್ ಬಂದೋನಿಗೇ ನಡುಮಧ್ಯ ಯಾವ್ದು ಅಂತ ಗೊತ್ತಾಗೋದು.”

ಇಂಜಿನಿಯರಿಂಗಿನಲ್ಲಿ ಇದನ್ನೇ ನಾನು ಒಂದಿಡೀ ವರ್ಷ ಓದಿದ್ದೆ, ಲೆಕ್ಕ ಮಾಡಿ ಪಾಸಾಗಿದ್ದೆ. ಅರ್ಥವಾದದ್ದು ಮಾತ್ರ ಆವತ್ತು.

ಅವರಿಗೆ ಇದನ್ನು ಕಲಿಸಿದ್ದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸು. ಹುಣಸಮಾರನಹಳ್ಳಿಯಿಂದ ಬಂದು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು, ಅಲ್ಲಿ ಟಿವಿ ಆಂಟೆನಾ ಕಟ್ಟುವವರ ಜೊತೆ ಸೇರಿಕೊಂಡಿದ್ದರಂತೆ. ತಾರಸಿಯ ಮೇಲೆ ಇವರು, ಕೆಳಗೆ ಟಿವಿ ಮುಂದೆ ಮನೆಮಂದಿ. “ಬಂತಾ?” “ಬಂತೂ!” ಉಳಿದವರಾದರೆ ಅಲ್ಲಿಗೆ ಬೋಲ್ಟು ಬಿಗಿದು, ಇಳಿದು, ಕಾಫಿ ಕುಡಿದು ಹೋಗುತ್ತಿದ್ದರು. ಇವರು ಮನೆಯವರು “ಹೋಯ್ತೂ!” ಎಂದು ಬೊಬ್ಬೆ ಹೊಡೆಯುವವರೆಗೆ ತಿರುಗಿಸುತ್ತಿದ್ದರು. ಕ್ರಿಕೆಟ್ ಮ್ಯಾಚ್ ನಡೆಯುವಾಗ ಹಾಗೆ ಮಾಡಿ ಒಬ್ಬ ಫೋರ್‌ಮನ್ ಕೈಯಲ್ಲಿ ಏಟು ತಿನ್ನುವುದೊಂದು ಬಾಕಿಯಿತ್ತಂತೆ. “ನಾನ್ ಕಟ್ಟಿದ್ ಆಂಟೆನಾಗೆ ಎರಡ್ನೇ ಸಲ ಯಾರೂ ಕರೀಲಿಲ್ಲ ಕಣಮ್ಮ. ಅದ್ಕೇ ನಾನ್ ಉದ್ಧಾರ ಆಗ್ಲಿಲ್ಲ,” ಎಂದು ನಗುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಮೇಡಂ ಹೋಗಿ ಕಣಮ್ಮ ಆಗಿದ್ದೆ.

ಬಾಯಿ ಬಿಟ್ಟರೆ ತಮಾಷೆ. ಏರ್‌ಪೋರ್ಟ್ ರಸ್ತೆಯ ಒಂದು ಹೋಟೆಲ್ಲಿನ ನೆತ್ತಿಯ ಮೇಲೆ ನಮ್ಮದೊಂದು ಡಿಶ್ ಇದೆ. ಆ ಜಾಗ ಅವರ ತಾತನ ರಾಗಿ ಹೊಲವಾಗಿತ್ತು. ಅವರು ಹುಟ್ಟುವ ಮುಂಚೆಯೇ ಕೈಬಿಟ್ಟು ಹೋದದ್ದು. ಅಲ್ಲಿಗೆ ಹೋದಾಗಲೆಲ್ಲ ಲಿಫ್ಟಿನವನಿಗೆ, “ನಮ್ ತಾತನ್ ಹೊಲಕ್ಕೆ ಹತ್ನೇ ಮಹಡಿ ಒತ್ತಪ್ಪ,” ಎನ್ನುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ, ಬೆಲ್ಟು. ಸೊಂಟದ ಬೆಲ್ಟಿಗೆ ಎರಡು ಕೊಕ್ಕೆ. ಇಳಿಯುವಾಗ ಒಂದನ್ನು ಕೆಳಗಿನ ಕಂಬಿಗೆ ಹಾಕಿದ ಮೇಲೇ ಮೇಲಿನದನ್ನು ಬಿಚ್ಚಬೇಕು. “ಎರಡೂ ಬಿಚ್ಚಿರೋ ಗಳಿಗೆ ಅನ್ನೋದೇ ಇರಬಾರ್ದು,” ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖವೇ ಬೇರೆಯಾಗುತ್ತಿತ್ತು.

ಆಮೇಲೆ ನಮ್ಮ ಕಂಪನಿಗೆ ಹೊಸ ಹುಮ್ಮಸ್ಸು ಬಂತು. ಡಿಶ್ಶಿಗೇ ಪುಟ್ಟ ಮೋಟಾರು ಜೋಡಿಸಿ, ಬೀಮನ್ನು ಅದೇ ಹುಡುಕಿ ಕೂರಿಸುವಂತೆ ಯಂತ್ರಕ್ಕೆ ಕಲಿಸುವುದು. ಮಷೀನ್ ಲರ್ನಿಂಗ್. ಆ ಕೆಲಸ ನನ್ನ ಪಾಲಿಗೆ ಬಂತು. ಯಂತ್ರ ಕಲಿಯಬೇಕಾದರೆ ಒಳ್ಳೆಯ ಕಸುಬುದಾರನ ಕೆಲಸ ಅದಕ್ಕೆ ಸಾವಿರ ಸಲ ತೋರಿಸಬೇಕು. ಯಾವ ಕೋನಕ್ಕೆ ತಿರುಗಿಸಿದಾಗ ಸಿಗ್ನಲ್ ಎಷ್ಟಿತ್ತು ಎಂದು ಕ್ಷಣಕ್ಷಣಕ್ಕೂ ಬರೆದಿಡಬೇಕು. ಒಳ್ಳೆಯ ಕಸುಬುದಾರ ಎಂದರೆ ಇನ್ಯಾರು? ಆರೇಳು ತಿಂಗಳು ಅವರ ಹಿಂದೆ ಯಲಹಂಕ, ಯಶವಂತಪುರ, ಪುಟ್ಟೇನಹಳ್ಳಿ ಎಂದು ತಾರಸಿ ತಾರಸಿ ಅಲೆದೆ.

ಅವರು ದಡ್ಡರಲ್ಲ. ಎರಡನೇ ದಿನವೇ ಕೇಳಿದರು: “ನನ್ ಕೆಲ್ಸ ತೆಗ್ಯಕ್ಕೆ ನನ್ ಕೈಯಲ್ಲೇ ಪಾಠ ಮಾಡಿಸ್ತಿದ್ದೀಯ, ಅಲ್ವೇನಮ್ಮ?”

ಲ್ಯಾಪ್‌ಟಾಪಿನ ವೈರು ಸುತ್ತತೊಡಗಿದೆ. ಅವರೇ ಬೆನ್ನು ತಟ್ಟಿದರು. “ಇರ್ಲಿ ಬಿಡು. ಈ ಮಂಡಿ ಇನ್ ಎಷ್ಟ್ ದಿನ ಕಂಬ ಹತ್ತಾದೆ? ಕಲಿಸೋದಾದ್ರೆ ಸರಿಯಾಗ್ ಕಲಿಸ್ಬೇಕು, ಅಷ್ಟೇ.” ಅಂದಿನಿಂದ ಯಂತ್ರ ನೋಡುತ್ತಿದೆ ಎಂದು ಇನ್ನೂ ನಿಧಾನವಾಗಿ, ಇನ್ನೂ ಅಚ್ಚುಕಟ್ಟಾಗಿ ತಿರುಗಿಸತೊಡಗಿದರು. ದಾಟಿ ಹೋಗಿ, ಕಳೆದು, ಹಿಂದೆ ಬಂದು. ಎಡಕ್ಕೊಂದು ಸಲ, ಬಲಕ್ಕೊಂದು ಸಲ, ಮೇಲಕ್ಕೆ, ಕೆಳಕ್ಕೆ. ಮೊದಲ ದಿನ ಶಾಲೆಗೆ ಬಂದ ಮಗುವಿಗೆ ಅಕ್ಷರ ತಿದ್ದಿಸುವವರ ಹಾಗೆ.

ಈಗ ನನ್ನ ಪಾಪದ ಮಾತು. ದೊಡ್ಡವರಿಗೆ ಪ್ರದರ್ಶನ ತೋರಿಸುವ ದಿನ ಹತ್ತಿರ ಬಂತು, ಯಂತ್ರ ಕಲಿಯಲು ಒದ್ದಾಡುತ್ತಿತ್ತು. ಅವರ ದಾಖಲೆಗಳೆಲ್ಲ ಉದ್ದುದ್ದ, ಏರಿಳಿತ, ನಡುವೆ ಸೊನ್ನೆಗಳು. ನಾನು ಕೂತು ಹತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಪ್ರತಿ ದಾಖಲೆಯಲ್ಲೂ ಸಿಗ್ನಲ್ ಮೊದಲ ಸಲ ಚೆನ್ನಾಗಿ ಏರಿದ ಕಡೆಗೆ ಕತ್ತರಿಸು, ಮುಂದಿನದನ್ನೆಲ್ಲ ಬಿಸಾಡು. ಯಾಕೆ ಬಿಸಾಡಿದೆ ಎಂದು ಪಕ್ಕದಲ್ಲಿ ಕಾರಣ ಬರೆಯುವುದು ನಮ್ಮಲ್ಲಿ ಪದ್ಧತಿ. ‘ಅನಗತ್ಯ ಚಲನೆ’ ಎಂದು ಬರೆದೆ. ಟಾರ್ಚಿನ ಬಳೆ ನೆನಪಿರಲಿಲ್ಲವೇ? ಇತ್ತು. ಪ್ರದರ್ಶನ ಮುಗಿಯಲಿ, ಆಮೇಲೆ ಸರಿ ಮಾಡೋಣ ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಪ್ರದರ್ಶನ ಭರ್ಜರಿಯಾಯಿತು. ಅಣ್ಣನಿಗೆ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿತು. ಆ ಎರಡು ತಾರಸಿಗಳು ಹತ್ತಿರದವು. ಅಲ್ಲಿ ಮೊದಲು ಸಿಕ್ಕಿದ್ದೇ ನಡುಮಧ್ಯವಾಗಿದ್ದದ್ದು ನಮ್ಮ ಅದೃಷ್ಟ, ಅಥವಾ ದುರದೃಷ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣನನ್ನೂ ಕರೆಸಿದ್ದರು. ಹಿಂದಿನ ಸಾಲಿನಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದರು. ಇನ್ನು ಅವರನ್ನು ಕರೆಯುವುದು ಏನಾದರೂ ಕೆಟ್ಟರೆ ಮಾತ್ರ ಎಂದು ಕಂಟ್ರಾಕ್ಟರ್ ಅಷ್ಟರಲ್ಲಿ ಹೇಳಿಯಾಗಿತ್ತು.

ಆಮೇಲೆ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ. “ಅದು ದಾಟ್ ಓಗಲ್ವೇನಮ್ಮ?”

“ಇಲ್ಲ ಅಣ್ಣ.”

“ನಾನ್ ದಾಟಿದ್ದೆಲ್ಲ ಎಲ್ ಓಯ್ತು?”

“ಈಗ್ಲೇ ಬೇಡ ಅಂತ ತೆಗ್ದೆ ಅಣ್ಣ. ಆಮೇಲೆ ಸೇರಿಸ್ತೀನಿ.”

“ತೆಗೆದ್ರಾ,” ಎಂದರು. ಕಣಮ್ಮ ಹೋಗಿ ನಾನು ಮತ್ತೆ ಬಹುವಚನವಾಗಿದ್ದೆ. ಸಿಟ್ಟು ಮಾಡಿಕೊಳ್ಳಲಿಲ್ಲ. ಕೇಸರಿಬಾತನ್ನು ಅರ್ಧ ತಿಂದು ತಟ್ಟೆಯನ್ನು ಅಲ್ಲೇ ಇಟ್ಟು ಹೋದರು. ಅನ್ನವನ್ನು ಬಿಸಾಡುವ ಮನುಷ್ಯರಲ್ಲ ಅವರು.

ಚಳಿಗಾಲ ಕಳೆಯಿತು, ಎಲ್ಲ ಸರಿಯಿತ್ತು. ಮೇ ತಿಂಗಳಲ್ಲಿ ಮಳೆಗೆ ಮುಂಚಿನ ಗಾಳಿ ಶುರುವಾದ ಮೇಲೆ ಯಂತ್ರ ಕೂರಿಸಿದ ಲಿಂಕುಗಳು, ಅಂದರೆ ಡಿಶ್ಶಿನಿಂದ ಡಿಶ್ಶಿಗಿದ್ದ ಸಂಪರ್ಕಗಳು, ಒಂದೊಂದಾಗಿ ಬೀಳತೊಡಗಿದವು. ಬಳೆಯ ಮೇಲೆ ಕೂತಿದ್ದವಲ್ಲ, ಗಾಳಿಗೆ ಡಿಶ್ ಕೊಂಚ ಅಲುಗಿದರೆ ಸಾಕು, ಕತ್ತಲು. ಮೋಟಾರು ತಿರುಗಿ ತಿರುಗಿ ಮತ್ತೆ ಅದೇ ಬಳೆಗೆ ಬಂದು ನಿಲ್ಲುತ್ತಿತ್ತು. ನಾವು ಅದಕ್ಕೆ ಕಲಿಸಿದ್ದೇ ಅಷ್ಟು. ಮೋಟಾರನ್ನು ಬಿಚ್ಚಿ ಕೈಯಲ್ಲೇ ಕೂರಿಸಬೇಕು ಎಂದಾಯಿತು. ಕಂಬ ಹತ್ತುವವರಲ್ಲಿ ಉಳಿದಿದ್ದವರು ಅಣ್ಣ ಒಬ್ಬರೇ. ಬೇರೆಯವರನ್ನು ಕಂಟ್ರಾಕ್ಟರ್ ಕೆಲಸದಿಂದ ತೆಗೆದಿದ್ದ.

ಆ ದಿನ ಯಲಹಂಕದ ಪುಟ್ಟೇನಹಳ್ಳಿಯ ಕೆರೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಲಿಂಕು ಬಿತ್ತು. ಮಧ್ಯಾಹ್ನ ಮೂರು ಗಂಟೆ. ಅಲ್ಲಿಯವರ ಬೈಗುಳ ನನ್ನ ಬಾಸಿನ ಮೇಲೆ, ಬಾಸಿನ ಬೈಗುಳ ನನ್ನ ಮೇಲೆ. ಅಣ್ಣನಿಗೆ ಫೋನ್ ಮಾಡಿದವಳು ನಾನೇ.

“ಗಾಳಿ ಐತೆ ಕಣಮ್ಮ,” ಎಂದರು. ಕಣಮ್ಮ ವಾಪಸು ಬಂದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. “ಬೆಲ್ಟಿಂದೂ ಒಂದ್ ಕೊಕ್ಕೆ ಓಗೈತೆ. ಕಂಟ್ರಾಕ್ಟ್ರು ಕೊಡ್ತೀನಿ ಅಂದೋನು ಇನ್ನೂ ಕೊಟ್ಟಿಲ್ಲ. ಬೆಳಗ್ಗೆ ಮಾಡ್ಲಾ?”

“ಇವತ್ತೇ ಆಗ್ಬೇಕು ಅಣ್ಣ. ಪ್ಲೀಸ್. ನನ್ನ ತಲೆ ತಿಂತಿದ್ದಾರೆ.”

“ಸರಿ ಬಿಡು,” ಎಂದರು.

ನಾನು ಹೆಬ್ಬಾಳದ ನಮ್ಮ ಆಫೀಸಿನ ತಾರಸಿಯಲ್ಲಿ, ಈ ತುದಿಯ ಡಿಶ್ಶಿನ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತೆ. ಅವರು ಅಲ್ಲಿ ಕಂಬದ ಮೇಲೆ. ಇಬ್ಬರ ಕಿವಿಯಲ್ಲೂ ಫೋನು. ನಾಲ್ಕನೇ ನಿಮಿಷಕ್ಕೆ ಅಂಕಿ ಏರಿತು, ಲಿಂಕು ಹತ್ತಿಕೊಂಡಿತು. ಅವರ ಫೋನಿನಲ್ಲಿ ಗಾಳಿ ಹುಯ್ಯೆನ್ನುವುದು ನನಗೆ ಕೇಳುತ್ತಿತ್ತು.

“ಬಂತು ಅಣ್ಣ. ಇಳೀರಿ.”

“ಇದು ಅದಲ್ಲ ಕಣಮ್ಮ. ಬಳೆ ಇದು.”

“ಇರ್ಲಿ ಅಣ್ಣ, ಸದ್ಯಕ್ಕೆ ಸಾಕು, ಇಳೀರಿ.”

“ಸಾಕು ಅಂತ ಬಿಟ್ಟಿದ್ಕೇ ಅಲ್ವೇನಮ್ಮ ಇವತ್ತು ನಾನ್ ಇಲ್ಲಿರೋದು? ಇದನ್ನ ಇಂಗೇ ಬಿಟ್ರೆ ನಾಳೆ ಮತ್ತೆ ಹತ್ಬೇಕು. ಅಂಕಿ ಏಳ್ತಿರು.”

ಹೇಳುತ್ತಾ ಹೋದೆ. ಸಿಗ್ನಲ್ ಬಿತ್ತು, ಸೊನ್ನೆಯಾಯಿತು, ಮತ್ತೆ ಎದ್ದಿತು, ಬಹಳ ಮೇಲೆ ಹೋಯಿತು. ಅದನ್ನೂ ದಾಟಿದರು. ಹಿಂದೆ ಬಂದರು. ಮೇಲೆ ಕೆಳಗೆ ನೋಡಿದರು. ಹದಿನೈದನೇ ನಿಮಿಷಕ್ಕೆ, “ಆ... ಇದು,” ಎಂದರು. ಒಳ್ಳೇ ಕಾಫಿ ಕುಡಿದವರ ದನಿ. “ಬಿಗಿದೆ. ಇಳೀತೀನಿ, ಫೋನ್ ಇಡು.”

ಇಟ್ಟೆ. ಪರದೆಯ ಮೇಲೆ ಗೆರೆ ನೇರವಾಗಿ ಓಡುತ್ತಿತ್ತು. ಒಂದು ಚೂರೂ ಅಲುಗಲಿಲ್ಲ. ನಾನು ಅದನ್ನು ನೋಡಿಕೊಂಡು ಖುಷಿಯಲ್ಲಿ ಕೂತಿದ್ದೆ. ಕೆಳಗಿನ ಕಂಬಿಗೆ ಹಾಕಲೆಂದು ಅವರು ಇದ್ದ ಒಂದೇ ಕೊಕ್ಕೆಯನ್ನು ಬಿಚ್ಚಿದ ಗಳಿಗೆಯಲ್ಲಿ ಗಾಳಿ ಬೀಸಿತೆಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಆಮೇಲೆ ಹೇಳಿದ. ಅವರ ಗಡಿಯಾರ ಅವನ ಕೈಯಲ್ಲೇ ಇತ್ತು. ನನಗೆ ಸುದ್ದಿ ತಿಳಿದದ್ದು ಇಪ್ಪತ್ತು ನಿಮಿಷದ ಮೇಲೆ. ಅಷ್ಟು ಹೊತ್ತೂ ಗೆರೆ ನೇರವಾಗಿತ್ತು. ಇವತ್ತೂ ಆ ಲಿಂಕು ಬಿದ್ದಿಲ್ಲ.

ಕಂಟ್ರಾಕ್ಟರ್ ಕಡೆಯವರು ರಿಪೋರ್ಟ್ ತಯಾರು ಮಾಡಿದರು. ಅದಕ್ಕಾಗಿ ನನ್ನನ್ನೂ ಕೇಳಿದರು: ನಾಲ್ಕನೇ ನಿಮಿಷಕ್ಕೆ ಸಿಗ್ನಲ್ ಬಂದದ್ದು ನಿಜವೇ? ನಿಜ. ಇಳಿಯಿರಿ ಎಂದು ನೀವು ಹೇಳಿದ್ದು ನಿಜವೇ? ನಿಜ. ಅವರು ಮುಂದಕ್ಕೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಿಪೋರ್ಟಿನಲ್ಲಿ ಅಣ್ಣನ ಪೂರ್ತಿ ಹೆಸರು, ತಂದೆಯ ಹೆಸರು ಹಾಕಿ ಬರೆದರು: ಕೆಲಸ ನಾಲ್ಕನೇ ನಿಮಿಷಕ್ಕೆ ಮುಗಿದಿದ್ದರೂ, ಇಳಿಯಲು ಹೇಳಿದರೂ ಕೇಳದೆ, ಹನ್ನೊಂದು ನಿಮಿಷ ಅನಗತ್ಯವಾಗಿ ಎತ್ತರದಲ್ಲಿದ್ದರು. ಕೊಕ್ಕೆಯ ಮಾತೇ ಇಲ್ಲ. ಆ ‘ಅನಗತ್ಯ’ ಎಂಬ ಮಾತನ್ನು ಎರಡು ಸಲ ಓದಿದೆ. ಆದರೂ ಬಾಯಿ ಬಿಡಲಿಲ್ಲ. ತಾರಸಿಯಲ್ಲಿ ಅಷ್ಟು ಕೂಗಾಡುತ್ತಿದ್ದ ಬಾಯಿ ಅದು.

ಹನ್ನೊಂದನೇ ದಿನದ ತಿಥಿಗೆ ಹುಣಸಮಾರನಹಳ್ಳಿಗೆ ಹೋದೆ. ಎರಡು ರೂಮಿನ ತಾರಸಿ ಮನೆ, ಮುಂದೆ ಶಾಮಿಯಾನ. ಒಳಗಿನ ರೂಮಿನಲ್ಲಿ ಎಡೆ ಇಟ್ಟಿದ್ದರು. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೋದವರು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದರು. ಮುದ್ದೆ, ಬಸ್ಸಾರು, ವಡೆ, ಎಲೆ ಅಡಿಕೆ. ಪಕ್ಕದಲ್ಲಿ ಸ್ಪ್ಯಾನರು, ಕೈಗಡಿಯಾರ, ಆ ಟಾರ್ಚು.

ಅವರ ಹೆಂಡತಿ ನನ್ನನ್ನು ಮಾತ್ರ ಒಳಗೆ ನಿಲ್ಲಿಸಿಕೊಂಡು ಬಾಗಿಲು ಹಾಕಿದರು. ಗಟ್ಟಿ ಹೆಂಗಸು, ಕಣ್ಣು ಒಣಗಿತ್ತು.

“ಫೋನಲ್ಲಿ ಇದ್ದೋರು ನೀವೇ ಅಂತಲ್ಲ. ಒಂದ್ ಮಾತು ಏಳಿ. ನಾಕ್ ನಿಮಿಷಕ್ಕೇ ಕೆಲ್ಸ ಮುಗುದಿತ್ತಂತೆ. ಯಾಕ್ ಇಳೀಲಿಲ್ಲ ಅವ್ರು? ಎಲ್ರೂ ಮೊಂಡ ಮೊಂಡ ಅಂತವ್ರೆ. ನನ್ ಮಗ್ಳೂ ಅಂಗೇ ಅಂದ್ಲು ನಿನ್ನೆ. ಅಪ್ಪ ನಮ್ನ ನೆನೆಸ್ಕಂಡಿದ್ರೆ ಇಳೀತಿದ್ರು ಅಂತ.”

ಆ ಕೊನೆಯ ಮಾತು ಕೇಳಿ ಎಡೆಯ ಮುಂದೆ ಕೂತೆ. ಟಾರ್ಚ್ ಕೊಡಿ ಅಕ್ಕ ಎಂದೆ. ಎಡೆಯಿಂದ ತೆಗೆದು ಕೊಟ್ಟರು. ಕಿಟಕಿಗೆ ಬಟ್ಟೆ ಕಟ್ಟಿತ್ತು. ಗೋಡೆಗೆ ಬಿಟ್ಟೆ. ನಡುವಿನ ಬೆಳಕು, ಕತ್ತಲು, ಬಳೆ. ಅವರು ನನಗೆ ಹೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ ಹೇಳಿದೆ. ನಾಲ್ಕನೇ ನಿಮಿಷಕ್ಕೆ ಸಿಕ್ಕಿದ್ದು ಈ ಬಳೆ ಅಕ್ಕ. ಅಲ್ಲೇ ಬಿಟ್ಟಿದ್ದರೆ ನಾಳೆ ಬೀಳುತ್ತಿತ್ತು, ಮತ್ತೆ ಅವರೇ ಹತ್ತಬೇಕಾಗಿತ್ತು. ಒಂದು ಸಲ ಹತ್ತಿದ್ದಕ್ಕೆ ಕೆಲಸ ಮುಗಿಸಿಯೇ ಇಳಿಯೋಣ ಅಂದುಕೊಂಡರು. ಮೊಂಡುತನ ಅಲ್ಲ ಅಕ್ಕ, ಅದೇ ಕೆಲಸ.

ಅಕ್ಕ ಗೋಡೆಯನ್ನೇ ನೋಡುತ್ತಿದ್ದರು. “ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ಅಣ್ಣಾನೇ ಹೇಳ್ಕೊಟ್ಟಿದ್ರು.”

“ಮತ್ತೆ ಆ ಮಿಷನ್ನಿಗೆ ಯಾಕ್ ಏಳ್ಕೊಡ್ಲಿಲ್ಲ?”

“ಅಣ್ಣ ಹೇಳ್ಕೊಟ್ಟಿದ್ರು ಅಕ್ಕ. ನಾನು ಅಳಿಸ್ಬಿಟ್ಟೆ.” ಕೊಕ್ಕೆಯದನ್ನೂ ಹೇಳಿದೆ. ಬೆಳಗ್ಗೆ ಮಾಡಲಾ ಎಂದು ಅವರು ಕೇಳಿದ್ದನ್ನೂ, ಇವತ್ತೇ ಆಗಬೇಕು ಎಂದು ನಾನು ಅಂದದ್ದನ್ನೂ ಹೇಳಿದೆ.

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು, ಆರಿಸಿ, ಮತ್ತೆ ಎಡೆಯ ಪಕ್ಕ ಇಟ್ಟರು.

“ಬರೀರಿ,” ಎಂದರು. “ಆ ಅನ್ನೊಂದ್ ನಿಮಿಷ ಯಾಕ್ ಬೇಕಿತ್ತು ಅಂತ. ನೀವ್ ಏನ್ ಅಳಿಸಿದ್ರಿ ಅಂತ. ರಿಪೋಲ್ಟ್ ಬರ್ದೋರೂ ಓದ್ಬೇಕು, ನನ್ ಮಗ್ಳೂ ಓದ್ಬೇಕು. ಅಂಗ್ ಬರೀರಿ.”

“ಬರೀತೀನಿ ಅಕ್ಕ. ಅಣ್ಣನ ಹೆಸರು—”

“ಅವ್ರ್ ಎಸ್ರು ಬ್ಯಾಡ. ಆ ರಿಪೋಲ್ಟಲ್ಲಿ ಅವ್ರ್ದೊಂದೇ ಎಸ್ರು ಐತೆ. ಈ ಸಲ ನಿಮ್ಮೆಸ್ರು ಹಾಕಿ.”

ಬಾಗಿಲು ತೆಗೆದು, “ತಿಥಿ ಮನೆಯಿಂದ ಉಣ್ದೆ ಓಗ್ಬಾರ್ದು, ಕೂತ್ಕಳಿ,” ಎಂದರು. ಪಂಕ್ತಿಯಲ್ಲಿ ಕೂತೆ. ನನ್ನ ಎಲೆಗೆ ಮುದ್ದೆ ಅವರೇ ಹಾಕಿದರು. ಪೂರ್ತಿ ಊಟ ಮಾಡಿದೆ, ಎಲೆಯಲ್ಲಿ ಏನೂ ಬಿಡಲಿಲ್ಲ.

ಮರುದಿನ ಬರೆದೆ. ಕಂಪನಿಗೆ ಒಂದು, ಕಂಟ್ರಾಕ್ಟರಿಗೆ ಒಂದು, ಪೊಲೀಸ್ ಠಾಣೆಗೆ ಒಂದು. “ಯಾಕಮ್ಮ ಸುಮ್ನೆ ಮೈಮೇಲೆ ಎಳ್ಕೊಳ್ತೀಯ?” ಎಂದರು ನಮ್ಮ ಬಾಸು. ಕೆಲಸಕ್ಕೆ ಬರಬೇಡ ಎಂದಿದ್ದಾರೆ, ಎರಡು ವಾರದಿಂದ ಮನೆಯಲ್ಲಿದ್ದೇನೆ. ಇದು ನಾಲ್ಕನೇ ಪ್ರತಿ, ಅವರ ಮಗಳಿಗೆ. ನಾಲ್ಕರಲ್ಲೂ ಕೊನೆಯ ಸಾಲು ಒಂದೇ, ಅದರ ಕೆಳಗೆ ನನ್ನ ಹೆಸರಿದೆ: ಆ ಹನ್ನೊಂದು ನಿಮಿಷ ಅನಗತ್ಯವಾಗಿರಲಿಲ್ಲ, ಅದನ್ನು ಅನಗತ್ಯ ಎಂದು ಮೊದಲು ಬರೆದವಳು ನಾನು.